ಹಿಂದಿನ ಸಾಲಿನಲ್ಲಿ 55 ವರ್ಷ

ಕಚೇರಿಗೆ ಅರ್ಧ ಗಂಟೆ ಇರುವಾಗಲೇ ನನ್ನ ಅರ್ಧ ಕೆಲಸ ಮುಗಿದಿರಬೇಕು. ವೇದಿಕೆಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತು, ತಂಬೂರಿಯ ನಾಲ್ಕು ತಂತಿಗಳನ್ನೂ ಹಾಡುವವರ ಶ್ರುತಿಗೆ ತರುತ್ತೇನೆ. ಆಮೇಲೆ ಕುದುರೆಯ ಮೇಲೆ ತಂತಿಗಳ ಅಡಿಗೆ ಸಿಕ್ಕಿಸಿದ ಜೀವಾಳಿಯ ದಾರವನ್ನು ಉಗುರಿನ ತುದಿಯಿಂದ ಆಚೀಚೆ ಸರಿಸುವುದು. ದಾರ ತನ್ನ ಜಾಗಕ್ಕೆ ಬಂದ ಕ್ಷಣ ತಂತಿ ಬರೀ ಟಂಯ್ ಎನ್ನುವುದನ್ನು ಬಿಟ್ಟು ಝೇಂಕರಿಸತೊಡಗುತ್ತದೆ. ಮೈಸೂರು, ಬೆಂಗಳೂರು, ಸುತ್ತಲಿನ ಊರುಗಳ ರಾಮೋತ್ಸವದ ಪೆಂಡಾಲುಗಳಲ್ಲಿ 31 ವರ್ಷ ಈ ಕೆಲಸ ಮಾಡಿದ್ದೇನೆ. ದೊಡ್ಡ ದೊಡ್ಡ ವಿದ್ವಾಂಸರ ಬೆನ್ನು ನನಗೆ ಅವರ ಮುಖಕ್ಕಿಂತ ಚೆನ್ನಾಗಿ ಗೊತ್ತು.

ಹೋದ ವರ್ಷ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ರಾತ್ರಿ ಊಟ ಮುಗಿಸಿ ಕೂತಿದ್ದಾಗ ಅವಳು, "ಅಮ್ಮಾ, ನಿನ್ನ ಹಾಗೆ ಹಿಂದೆ ಕೂರುವವರ ಸಿನಿಮಾ ಇದೆ, ನೋಡ್ತೀಯಾ?" ಅಂದಳು. 'ದಿ ಓನ್ಲಿ ಗರ್ಲ್ ಇನ್ ದಿ ಆರ್ಕೆಸ್ಟ್ರಾ' ಎಂಬ ಸಾಕ್ಷ್ಯಚಿತ್ರ. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದು ಮುಗಿದ ಮೇಲೆ ಮತ್ತೊಮ್ಮೆ ಹಾಕಿಸಿಕೊಂಡು ನೋಡಿದೆ. ಅಂದಿನಿಂದ ಆ ಹೆಂಗಸಿನ ಬದುಕು ನನ್ನ ಮನಸ್ಸಿನಿಂದ ಸರಿದಿಲ್ಲ. ಅವರ ಹೆಸರು ಓರಿನ್ ಓಬ್ರಯನ್. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದಲ್ಲಿ 1966ರಿಂದ 2021ರವರೆಗೆ ಡಬಲ್ ಬೇಸ್ ನುಡಿಸಿದವರು.

ಆರ್ಕೆಸ್ಟ್ರಾ ಅಂದರೆ ನಮ್ಮಲ್ಲಿ ಬಹಳ ಜನರಿಗೆ ಗಣೇಶನ ಪೆಂಡಾಲಿನ ಮುಂದೆ ಸಿನಿಮಾ ಹಾಡು ಹಾಡುವ ತಂಡ ನೆನಪಾಗುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾ ಬೇರೆಯದೇ ವ್ಯವಸ್ಥೆ. ದೊಡ್ಡ ಕೃತಿಯಾದರೆ ವೇದಿಕೆಯ ಮೇಲೆ 80, 90, ಕೆಲವೊಮ್ಮೆ 100 ಜನ. ಎದುರಿಗೆ ಕೋಲು ಹಿಡಿದು ನಿಲ್ಲುವ ನಿರ್ದೇಶಕ. ಪಿಟೀಲಿನವರು ಎರಡು ಗುಂಪಾಗಿ ಮುಂದೆ ಕೂರುತ್ತಾರೆ, ಅವರ ಪಕ್ಕ ವಿಯೋಲಾ, ಚೆಲ್ಲೋ. ನಡುವೆ ಕೊಳಲು, ಓಬೋ, ಕ್ಲಾರಿಯೊನೆಟ್ ಮುಂತಾದ ಊದುವ ವಾದ್ಯಗಳು. ಅವುಗಳ ಹಿಂದೆ ಹಿತ್ತಾಳೆಯ ವಾದ್ಯಗಳು, ನಗಾರಿಗಳು. ಸಾಮಾನ್ಯವಾಗಿ ಬಲಗಡೆಯ ಕೊನೆಯಲ್ಲಿ, ಗೋಡೆಗೆ ಹತ್ತಿರ, ಆಳೆತ್ತರದ ಎಂಟೊಂಬತ್ತು ವಾದ್ಯಗಳನ್ನು ಅಪ್ಪಿ ಹಿಡಿದವರು ಎತ್ತರದ ಸ್ಟೂಲಿನ ಮೇಲೆ ಕೂತಿರುತ್ತಾರೆ. ಅದೇ ಡಬಲ್ ಬೇಸ್.

ಮೈಸೂರಿನವಳಾದ ನನಗೆ ಈ ಸಂಗೀತ ಪೂರ್ತಿ ಪರಕೀಯವೇನಲ್ಲ. ದಸರಾದಲ್ಲಿ ಅರಮನೆಯ ಮುಂದೆ ಬ್ಯಾಂಡಿನವರು ನುಡಿಸುವುದನ್ನು ಕೇಳಿ ಬೆಳೆದವರು ನಾವು. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ತಮ್ಮ ಬಾಳಿನ ಕೊನೆಯಲ್ಲಿ ರಚಿಸಿದ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಆ ಕಚೇರಿಗೆ ಹಣದ ಆಸರೆ ಕೊಟ್ಟವರು ನಮ್ಮ ಮಹಾರಾಜರು. ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ, ಧ್ವನಿಮುದ್ರಣ ಮೈಸೂರಿಗೆ ಬಂತು. ಜಗತ್ತು ಇಂದಿಗೂ ಕಣ್ಣೀರಿಟ್ಟು ಕೇಳುವ ಹಾಡುಗಳ ಹಿಂದೆ ನಮ್ಮೂರಿನ ಕೈಯೂ ಇದೆ ಎಂಬುದು ನನಗೆ ಹೆಮ್ಮೆ.

ಓರಿನ್ ಹುಟ್ಟಿದ್ದು 1935ರಲ್ಲಿ, ಹಾಲಿವುಡ್‌ನಲ್ಲಿ. ತಂದೆ ಜಾರ್ಜ್ ಓಬ್ರಯನ್ ಮೂಕಿ ಚಿತ್ರಗಳ ಕಾಲದ ಹೆಸರಾಂತ ನಟ. 1927ರ 'ಸನ್‌ರೈಸ್' ಚಿತ್ರದ ನಾಯಕ ಅವರೇ. ತಾಯಿ ಮಾರ್ಗರೀಟ್ ಚರ್ಚಿಲ್ ಕೂಡ ನಟಿ, 1930ರ 'ದಿ ಬಿಗ್ ಟ್ರೇಲ್'ನಲ್ಲಿ ಜಾನ್ ವೇಯ್ನ್ ಜತೆ ನಾಯಕಿ. ಮನೆತುಂಬ ಬೆಳಕು, ಕ್ಯಾಮೆರಾ, ಹೊಗಳಿಕೆ. ಆ ಬೆಳಕು ಸರಿದುಹೋದ ಮೇಲೆ ಮನುಷ್ಯರು ಏನಾಗುತ್ತಾರೆ ಎಂಬುದನ್ನೂ ಆ ಹುಡುಗಿ ಮನೆಯಲ್ಲೇ ಕಂಡಳು. ಜನರ ಕಣ್ಣಿಗೆ ಬೀಳಬೇಕು ಎಂಬ ಹಂಬಲ ಅವಳಿಗೆ ಅಂಟಲೇ ಇಲ್ಲ. ಮೊದಲು ಪಿಯಾನೊ ಕಲಿತು, ಹೈಸ್ಕೂಲಿನ ದಿನಗಳಲ್ಲಿ ಡಬಲ್ ಬೇಸ್ ಹಿಡಿದಳು. ತನಗಿಂತ ಎತ್ತರದ, ಒಂಟಿಯಾಗಿ ನುಡಿಸಿದರೆ ಕೇಳುವವರು ಕಡಿಮೆ ಇರುವ, ಹತ್ತು ಜನರ ನಡುವೆ ಕೂತಾಗಲೇ ಅರ್ಥ ಬರುವ ವಾದ್ಯ. ಅದನ್ನು ಹೊತ್ತು ನ್ಯೂಯಾರ್ಕಿಗೆ ಹೋಗಿ ಜೂಲಿಯಾರ್ಡ್ ಶಾಲೆಯಲ್ಲಿ ಫ್ರೆಡರಿಕ್ ಜಿಮ್ಮರ್‌ಮನ್ ಎಂಬ ಗುರುವಿನ ಬಳಿ ಕಲಿತಳು. ಅವರು ಸ್ವತಃ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ಬೇಸ್ ವಾದಕರು. ಓರಿನ್ ಮುಂದೆ ನ್ಯೂಯಾರ್ಕ್ ಸಿಟಿ ಬ್ಯಾಲೆಯ ವಾದ್ಯವೃಂದದಲ್ಲಿ ವರ್ಷಗಟ್ಟಲೆ ನುಡಿಸಿದರು. ನರ್ತಕರು ಮೇಲೆ, ವಾದಕರು ವೇದಿಕೆಯ ಕೆಳಗಿನ ತಗ್ಗಿನಲ್ಲಿ, ಕತ್ತಲಲ್ಲಿ.

ಈ ವಾದ್ಯದ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಓರಿನ್ ಅವರ ಸ್ವಭಾವ ಅರ್ಥವಾಗುವುದು ಅದರಿಂದಲೇ. ಸಾಧಾರಣವಾಗಿ ನಾಲ್ಕು ತಂತಿ. ಅತ್ಯಂತ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಪಿಟೀಲಿನ ಅತಿ ಕೆಳಗಿನ ತಂತಿಗೆ ಈ ಲೆಕ್ಕ 196. ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲಿನ ಒಂದು ತಂತಿಗೂ ಮುಂದಿನ ತಂತಿಗೂ ಷಡ್ಜ ಪಂಚಮದ ಅಂತರ. ಬೇಸ್‌ನಲ್ಲಿ ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರುವ ಅಂತರ. ತಂತಿ ಒಂದು ಮೀಟರಿಗಿಂತ ಉದ್ದವಾದ್ದರಿಂದ ಸ್ವರಸ್ಥಾನಗಳು ದೂರ ದೂರ ಇರುತ್ತವೆ, ಪಂಚಮದ ಅಂತರವಿಟ್ಟರೆ ಕೈ ಓಡಾಡಿಯೇ ಸಾಕಾಗುತ್ತದೆ. ದಪ್ಪ ತಂತಿ ಎದ್ದು ನಾದ ಕೊಡಲು ತುಸು ಹೊತ್ತು ಬೇಕು. ಹಾಗಾಗಿ ಬೇಸ್‌ನವರು ಕಮಾನನ್ನು ಕೂದಲೆಳೆಯಷ್ಟು ಮುಂಚೆಯೇ ಎಳೆಯಬೇಕು, ಆಗಷ್ಟೇ ನಾದ ಎಲ್ಲರ ಜತೆ ಕೂಡುತ್ತದೆ. ತಪ್ಪಿದರೆ ಇಡೀ ವೃಂದವೇ ಎಳೆದಾಡಿದಂತೆ ಕೇಳುತ್ತದೆ. ಕೇಳುಗರಿಗೆ ಬೇಸ್ ಕೇಳಿಸಿತು ಎಂದು ಅನಿಸುವುದೇ ಇಲ್ಲ, ಅದು ನಿಂತಾಗ ಮಾತ್ರ ಕಾಲ ಕೆಳಗಿನ ನೆಲ ಹೋದ ಹಾಗಾಗುತ್ತದೆ. ತಂಬೂರಿಯೂ ಹಾಗೆಯೇ. ಒಮ್ಮೆ ನಂಜನಗೂಡಿನ ಹತ್ತಿರದ ಊರಿನ ಕಚೇರಿಯಲ್ಲಿ ಆಲಾಪನೆಯ ನಡುವೆ ನನ್ನ ಪಂಚಮದ ತಂತಿ ಕಡಿಯಿತು. ಗಾಯಕರು ತಿರುಗಿ ನೋಡಲಿಲ್ಲ, ಆದರೆ ಅವರ ಹೆಗಲು ಬಿಗಿದದ್ದು ನನಗೆ ಹಿಂದಿನಿಂದ ಕಾಣಿಸಿತು.

ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಶುರುವಾದದ್ದು 1842ರಲ್ಲಿ. ಅಮೆರಿಕದ ಅತ್ಯಂತ ಹಳೆಯ ಸಿಂಫನಿ ವಾದ್ಯವೃಂದ. 1922ರಿಂದ ಹತ್ತು ವರ್ಷ ಸ್ಟೆಫನಿ ಗೋಲ್ಡ್ನರ್ ಎಂಬುವರು ಅಲ್ಲಿ ಹಾರ್ಪ್ ನುಡಿಸಿದ್ದರು. ಅವರು ಹೋದ ಮೇಲೆ ಖಾಯಂ ವಾದಕರಲ್ಲಿ ಹೆಂಗಸರೇ ಇರಲಿಲ್ಲ. 1966ರಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಸಂಗೀತ ನಿರ್ದೇಶಕರಾಗಿದ್ದಾಗ ಓರಿನ್ ಆಯ್ಕೆಯಾದರು. ಸಿನಿಮಾದ ಹೆಸರು ಬಂದದ್ದು ಅಲ್ಲಿಂದಲೇ: ಅಷ್ಟೂ ಗಂಡಸರ ನಡುವೆ ಒಬ್ಬಳೇ ಹುಡುಗಿ. ಪತ್ರಿಕೆಗಳು ಮುಗಿಬಿದ್ದವು. ಅವರು ಹೇಗೆ ನುಡಿಸುತ್ತಾರೆ ಎಂದು ಬರೆಯುವುದಕ್ಕಿಂತ ಹೇಗೆ ಕಾಣುತ್ತಾರೆ ಎಂದು ಬರೆದವು. ಮೈಕಟ್ಟನ್ನು ವಾದ್ಯದ ಆಕಾರಕ್ಕೆ ಹೋಲಿಸಿದವರೂ ಉಂಟು. ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕೂರಬೇಕೆಂದು ಬಂದವರ ಮೇಲೆ ಊರಿನ ಕಣ್ಣೆಲ್ಲ ಬಿತ್ತು. ಇದನ್ನು ಓದಿದಾಗ ನನಗೆ ಸಿಟ್ಟು ಬಂದದ್ದು ನಿಜ. ಓರಿನ್ ಅದಕ್ಕೆ ಕೊಟ್ಟ ಉತ್ತರ ಒಂದೇ. ಮರುದಿನ ತಾಲೀಮಿಗೆ ಹೋದರು, ಅದರ ಮರುದಿನವೂ ಹೋದರು.

ಅದೇ ವಾದ್ಯ, ಅದೇ ವೃಂದ, ಇನ್ನೊಬ್ಬರ ಕಥೆ ಬೇರೆಯಾಯಿತು. ಆರ್ಟ್ ಡೇವಿಸ್ ಎಂಬ ಕಪ್ಪು ಜನಾಂಗದ ಬೇಸ್ ವಾದಕ, ಜಾಜ್ ದಿಗ್ಗಜ ಜಾನ್ ಕೋಲ್ಟ್ರೇನ್ ಜತೆ ನುಡಿಸಿದವರು. 1969ರಲ್ಲಿ ಅವರು ಮತ್ತು ಚೆಲ್ಲೋ ವಾದಕ ಅರ್ಲ್ ಮ್ಯಾಡಿಸನ್, ಬಣ್ಣ ನೋಡಿ ತಮ್ಮನ್ನು ಸೇರಿಸಿಕೊಳ್ಳಲಿಲ್ಲ ಎಂದು ನ್ಯೂಯಾರ್ಕ್ ನಗರದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. ಪರದೆಯ ಹಿಂದೆ ಕೂರಿಸಿ ನಮ್ಮ ವಾದನ ಕೇಳಿ ಎಂಬುದು ಅವರ ಬೇಡಿಕೆ. 1970ರಲ್ಲಿ ಬಂದ ತೀರ್ಪು ಅರೆಬರೆ: ಖಾಯಂ ನೇಮಕದಲ್ಲಿ ತಾರತಮ್ಯ ಸಾಬೀತಾಗಿಲ್ಲ, ಬದಲಿ ವಾದಕರನ್ನು ಕರೆಯುವಲ್ಲಿ ಆಗಿದೆ. ಡೇವಿಸ್‌ಗೆ ಆಮೇಲೆ ಸಂಗೀತದ ಕೆಲಸ ಸಿಗುವುದೇ ಕಷ್ಟವಾಯಿತು. ಅವರು ಓದಿಗೆ ಕೂತು ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು.

ಪರದೆಯ ಪದ್ಧತಿ ಮಾತ್ರ ನೆಲೆ ನಿಂತಿತು. ಬಾಸ್ಟನ್ ಸಿಂಫನಿಯವರು 1952ರಲ್ಲೇ ಇದನ್ನು ಮಾಡಿದ್ದರು, ಉಳಿದ ದೊಡ್ಡ ವೃಂದಗಳು 1970ರ, 80ರ ದಶಕಗಳಲ್ಲಿ ಹಿಂಬಾಲಿಸಿದವು. ಅಭ್ಯರ್ಥಿಗೆ ಹೆಸರಿಲ್ಲ, ಸಂಖ್ಯೆಯಷ್ಟೇ. ಅವರು ಪರದೆಯ ಆಚೆ ನುಡಿಸುತ್ತಾರೆ, ಆಯ್ಕೆ ಮಾಡುವವರು ಈಚೆ ಕೂತು ಕೇಳುತ್ತಾರೆ. ಹೆಂಗಸಿನ ಚಪ್ಪಲಿಯ ಸದ್ದು ತಿಳಿಯಬಾರದೆಂದು ನೆಲಕ್ಕೆ ಜಮಖಾನೆ ಹಾಸುತ್ತಾರೆ, ಕೆಲವೆಡೆ ಪಾದರಕ್ಷೆ ಬಿಚ್ಚಿಸುತ್ತಾರೆ. ಅಮೆರಿಕದ ಐದು ಪ್ರಮುಖ ವೃಂದಗಳಲ್ಲಿ 1970ರಲ್ಲಿ ಹೆಂಗಸರು ನೂರಕ್ಕೆ ಐದೂ ಇರಲಿಲ್ಲ. 1997ರ ಹೊತ್ತಿಗೆ ನೂರಕ್ಕೆ 25 ಆದರು. ಪರದೆಯೊಂದರಿಂದಲೇ ಇಷ್ಟೂ ಆಯಿತು ಎನ್ನಲಾರೆ. ಆದರೆ ಕಿವಿಯ ಕೆಲಸವನ್ನು ಕಿವಿಗೆ ಬಿಡಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಯುರೋಪಿನ ವಿಯೆನ್ನಾ ಫಿಲ್‌ಹಾರ್ಮೋನಿಕ್ ಹೆಂಗಸನ್ನು ಸದಸ್ಯೆಯಾಗಿ ಒಪ್ಪಿಕೊಂಡದ್ದು 1997ರಲ್ಲಿ. ಆ ಸದಸ್ಯೆ ಆನ್ನಾ ಲೆಲ್ಕೆಸ್, ಹಾರ್ಪ್ ವಾದಕಿ. ಅದಕ್ಕೆ ಮುಂಚೆ ಎರಡು ದಶಕಕ್ಕಿಂತ ಹೆಚ್ಚು ಕಾಲ ಅದೇ ವೃಂದದಲ್ಲಿ ನುಡಿಸಿದ್ದರು. ವರ್ಷಗಟ್ಟಲೆ ಕಾರ್ಯಕ್ರಮದ ಹಾಳೆಯಲ್ಲಿ ಅವರ ಹೆಸರೇ ಇರುತ್ತಿರಲಿಲ್ಲ.

ಇಲ್ಲಿಗೆ ಬಂದಾಗ ನನ್ನ ಒಂದು ಸಂಜೆ ನೆನಪಾಗುತ್ತದೆ. ಒಂದು ಸಭೆಯ ದೊಡ್ಡ ಕಚೇರಿ, ಮೂರೂವರೆ ಗಂಟೆ. ಆಹ್ವಾನ ಪತ್ರಿಕೆಯಲ್ಲಿ ಗಾಯಕರು, ಪಿಟೀಲು, ಮೃದಂಗ, ಘಟ, ಕೊನೆಗೆ ಶಾಮಿಯಾನ ಕೊಟ್ಟವರ ಹೆಸರೂ ಇತ್ತು. ಮಂಗಳವಾದ ಮೇಲೆ ಎಲ್ಲರಿಗೂ ಶಾಲು ಹೊದಿಸಿದರು. ನಾನು ತಂಬೂರಿಗೆ ಗವುಸು ಹಾಕಿ ಎದೆಗೆ ಒರಗಿಸಿಕೊಂಡು ನಿಂತಿದ್ದೆ. ಲೆಕ್ಕದಲ್ಲಿ ಶಾಲು ನಾಲ್ಕೇ ಇದ್ದವು. ಹಾಡಿದ ವಿದ್ವಾಂಸರು ತಮ್ಮ ಶಾಲನ್ನು ಮಡಚಿ ನನ್ನ ಕೈಗಿಟ್ಟು, "ಇದು ನಿಮ್ಮದಮ್ಮ" ಎಂದರು. ಆ ಶಾಲು ಇಂದಿಗೂ ನನ್ನ ಬೀರುವಿನಲ್ಲಿದೆ. ಆ ರಾತ್ರಿ ಬಸ್ಸಿನಲ್ಲಿ ಕೂತು ಅತ್ತಿದ್ದೆ, ಶಾಲು ಸಿಕ್ಕಿದ್ದಕ್ಕೋ ಸಿಗದಿದ್ದುದಕ್ಕೋ ಹೇಳಲಾರೆ. ಹಿಂದೆ ಕೂರುವುದು ಬೇರೆ, ಹಿಂದಕ್ಕೆ ತಳ್ಳುವುದು ಬೇರೆ. ಓರಿನ್ ಅವರ ಕಥೆ ನನಗೆ ತಿಳಿಸಿಕೊಟ್ಟದ್ದು ಈ ವ್ಯತ್ಯಾಸವನ್ನು. ಅವರು ಆ ಜಾಗವನ್ನು ತಾವಾಗಿ ಬಯಸಿ, ಪೈಪೋಟಿ ಮಾಡಿ ಪಡೆದರು. ಕಾರ್ಯಕ್ರಮದ ಹಾಳೆಯಲ್ಲಿ ಹೆಸರು, ತಿಂಗಳ ಸಂಬಳ, ನಿವೃತ್ತಿಯವರೆಗೆ ಭದ್ರತೆ, ಎಲ್ಲ ಅಲ್ಲಿತ್ತು. ವರ್ಷದ 52 ವಾರವೂ ಸಂಬಳ ಎಂಬ ಒಪ್ಪಂದವನ್ನು ಆ ವೃಂದದ ವಾದಕರು 1964ರಲ್ಲೇ ಗಳಿಸಿಕೊಂಡಿದ್ದರು. ಅಂಥ ನೆಲದ ಮೇಲೆ ಕಾಲೂರಿದವರಿಗೆ ನನಗೆ ಪ್ರಚಾರ ಬೇಡ ಎನ್ನುವುದು ನಿಜವಾದ ಆಯ್ಕೆಯಾಗುತ್ತದೆ.

ಸಿನಿಮಾ ನೋಡಿದ ವಾರದಲ್ಲೇ ಮಗಳು ನನ್ನನ್ನು ಆ ವೃಂದದ ಕಚೇರಿಗಳು ನಡೆಯುವ ಮ್ಯಾನ್‌ಹಟನ್‌ನ ಡೇವಿಡ್ ಗೆಫನ್ ಹಾಲ್‌ಗೆ ಕರೆದುಕೊಂಡು ಹೋದಳು. 2022ರಲ್ಲಿ ಹೊಸದಾಗಿ ಕಟ್ಟಿದಂತೆ ನವೀಕರಿಸಿದ ಸಭಾಂಗಣ, ವೇದಿಕೆಯ ಹಿಂದೆಯೂ ಆಸನಗಳಿವೆ. ನಮ್ಮ ಟಿಕೆಟ್ ಅಲ್ಲಿಯದೇ, ವಾದಕರ ಬೆನ್ನಿನ ಕಡೆ. ನನಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ. ಓರಿನ್ ಆಗಲೇ ನಿವೃತ್ತರು, ಅವರಿರಲಿಲ್ಲ. ಬೇಸ್ ವಾದಕರು ಎಲ್ಲರಿಗಿಂತ ಮುಂಚೆಯೇ ಬಂದು ಒಬ್ಬೊಬ್ಬರೇ ಮೆಲ್ಲಗೆ ಶ್ರುತಿ ನೋಡಿಕೊಳ್ಳುತ್ತಿದ್ದರು. ಕಮಾನಿನ ಕೂದಲಿಗೆ ರಾಳ ತಿಕ್ಕುತ್ತಿದ್ದರು. ಒಬ್ಬರಂತೂ ವಾದ್ಯದ ಕತ್ತಿನ ಮೇಲೆ ಕಿವಿಯಿಟ್ಟು ಕಣ್ಣು ಮುಚ್ಚಿದ್ದರು, ನಾನು ತಂಬೂರಿಯ ದಂಡಿಗೆಗೆ ಕಿವಿಗೊಡುವ ಹಾಗೇ. ಆಮೇಲೆ ಓಬೋದಿಂದ ಒಂದೇ ಸ್ವರ ಎದ್ದಿತು, ಇಡೀ ಸಭೆ ನಿಶ್ಶಬ್ದ, ಒಂದೊಂದೇ ಗುಂಪು ಆ ಸ್ವರಕ್ಕೆ ಸೇರಿಕೊಂಡಿತು. ನನಗೆ ಮೈ ಜುಂ ಎಂದಿತು.

ಇಬ್ಬಿಬ್ಬರಿಗೆ ಒಂದು ಸ್ಟ್ಯಾಂಡು. ಹಾಳೆ ತಿರುಗಿಸಬೇಕಾಗಿ ಬಂದಾಗ ಒಳಬದಿಯವರು ನುಡಿಸುವುದನ್ನು ನಿಲ್ಲಿಸಿ ಕೈ ಚಾಚುತ್ತಾರೆ, ಹೊರಬದಿಯವರು ನುಡಿಸುತ್ತಲೇ ಇರುತ್ತಾರೆ. ನಾದ ಕಡಿಯಬಾರದಲ್ಲ. ಸ್ಟ್ಯಾಂಡಿನ ಮೇಲೆ ಪೆನ್ಸಿಲ್ಲು, ರಬ್ಬರು. ಕಮಾನು ಎಲ್ಲಿ ಮೇಲೆ, ಎಲ್ಲಿ ಕೆಳಗೆ ಎಂದು ಗುಂಪಿನ ಮುಖ್ಯಸ್ಥರು ಗೊತ್ತುಮಾಡುತ್ತಾರೆ, ಉಳಿದವರು ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಎಂಟು ಕಮಾನು ಒಟ್ಟಿಗೆ ಏರುವುದು, ಒಟ್ಟಿಗೆ ಇಳಿಯುವುದು ನೋಡುತ್ತಿದ್ದರೆ ಗದ್ದೆಯಲ್ಲಿ ನಾಟಿ ಮಾಡುವವರ ಬೆನ್ನು ಒಟ್ಟಿಗೆ ಬಾಗಿದಂತೆ. ಎಷ್ಟೋ ಕಡೆ ಅವರಿಗೆ ಕೆಲಸವೇ ಇಲ್ಲ, ಆವರ್ತಗಳನ್ನು ಎಣಿಸುತ್ತ ಕಾಯಬೇಕು. ಹಾಗೆ ಕಾಯುವವರ ಬೆನ್ನಿನಲ್ಲೂ ಸಂಗೀತವಿರುತ್ತದೆ ಎಂಬುದನ್ನು ಆ ದಿನ ಕಣ್ಣಾರೆ ಕಂಡೆ.

ವಾರಕ್ಕೊಂದು ಹೊಸ ಕಾರ್ಯಕ್ರಮ. ಸಾಮಾನ್ಯವಾಗಿ ನಾಲ್ಕು ತಾಲೀಮು, ಮೂರು ನಾಲ್ಕು ಕಚೇರಿ, ಮುಂದಿನ ವಾರ ಮತ್ತೆ ಬೇರೆ ಕೃತಿ. ಇದನ್ನು 55 ವರ್ಷಕ್ಕೆ ಗುಣಿಸಿ ನೋಡಿ. ಆ ಅವಧಿಯಲ್ಲಿ ಬರ್ನ್‌ಸ್ಟೈನ್, ಬುಲೇಜ್, ಮೆಹ್ತಾ, ಮಜೂರ್, ಮಾಜೆಲ್, ಗಿಲ್ಬರ್ಟ್, ವಾನ್ ಜ್ವೇಡನ್ ಎಂಬ ಸಂಗೀತ ನಿರ್ದೇಶಕರು ಒಬ್ಬರಾದ ಮೇಲೊಬ್ಬರು ಬಂದರು. ಇವರಲ್ಲಿ ಜುಬಿನ್ ಮೆಹ್ತಾ ಮುಂಬಯಿಯ ಪಾರ್ಸಿ, 1978ರಿಂದ 13 ವರ್ಷ ಅಲ್ಲಿದ್ದರು. ಅವರ ತಂದೆ ಮೆಹ್ಲಿ ಮೆಹ್ತಾ 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಜುಬಿನ್ ವಿಯೆನ್ನಾದಲ್ಲಿ ವಿದ್ಯಾರ್ಥಿಯಾಗಿದ್ದಾಗ ಕಲಿತ ವಾದ್ಯ ಯಾವುದು ಗೊತ್ತೇ? ಡಬಲ್ ಬೇಸ್. 1981ರಲ್ಲಿ ರವಿಶಂಕರ್ ಅವರ ಎರಡನೆಯ ಸಿತಾರ್ ಕನ್ಸರ್ಟೊ 'ರಾಗಮಾಲಾ' ಮೊದಲು ಕೇಳಿಬಂದದ್ದು ಮೆಹ್ತಾ ನಿರ್ದೇಶನದಲ್ಲಿ, ಇದೇ ವೃಂದದಿಂದ.

ನುಡಿಸುವುದರ ಜತೆಗೆ ಓರಿನ್ ಪಾಠ ಹೇಳಿದರು. ಸಿನಿಮಾದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಅದೇ ಭಾಗ. ಹಳೆಯ ಮನೆ ಬಿಟ್ಟು ಹೋಗಬೇಕಾಗಿದೆ, ಗಂಟುಮೂಟೆ ಕಟ್ಟುತ್ತಿದ್ದಾರೆ, ವಾದ್ಯಗಳನ್ನು ಸಾಗಿಸಬೇಕು. ಆ ಗಡಿಬಿಡಿಯ ನಡುವೆಯೂ ಶಿಷ್ಯರ ಕಮಾನಿನ ಮೇಲೆ ಕಣ್ಣು. ಚಿತ್ರ ತೆಗೆದವರು ಅವರ ಸೋದರನ ಮಗಳು ಮಾಲಿ ಓಬ್ರಯನ್. ತನ್ನ ಮೇಲೆ ಸಿನಿಮಾ ಯಾಕೆ ಎಂಬ ಸಂಕೋಚ ಆ ಹಿರಿಯ ಜೀವದಲ್ಲಿ ಉದ್ದಕ್ಕೂ ಕಾಣುತ್ತದೆ. ಅದು ಬೂಟಾಟಿಕೆಯಲ್ಲ. ಕ್ಯಾಮೆರಾ ಹತ್ತಿರ ಬಂದಾಗ ಅವರು ಮಾತನ್ನು ಸಂಗೀತದ ಕಡೆಗೋ ಜತೆಯವರ ಕಡೆಗೋ ತಿರುಗಿಸುವ ರೀತಿ ನೋಡಿದರೆ ತಿಳಿಯುತ್ತದೆ.

2025ರ ಮಾರ್ಚ್‌ನಲ್ಲಿ ನಡೆದ 97ನೆಯ ಆಸ್ಕರ್ ಸಮಾರಂಭದಲ್ಲಿ ಕಿರು ಸಾಕ್ಷ್ಯಚಿತ್ರ ವಿಭಾಗದ ಪ್ರಶಸ್ತಿ ಇದಕ್ಕೇ ಬಂತು. ತಂದೆ ನಾಯಕನಾಗಿದ್ದ 'ಸನ್‌ರೈಸ್' ಪ್ರಶಸ್ತಿ ಪಡೆದದ್ದು 1929ರ ಮೊಟ್ಟಮೊದಲ ಆಸ್ಕರ್ ಸಮಾರಂಭದಲ್ಲಿ. ಬೆಳಕು ಬೇಡವೆಂದು ಹಿಂದಿನ ಸಾಲಿಗೆ ಹೋದ ಮಗಳನ್ನು ಹುಡುಕಿಕೊಂಡು ಅದೇ ಬೆಳಕು ಅವರ ತೊಂಬತ್ತರ ಹೊಸ್ತಿಲಿಗೆ ಬಂತು. ಈ ನಡುವೆ 2022ರಲ್ಲಿ ಅವರ ವೃಂದದಲ್ಲಿ ಹೆಂಗಸರು 45, ಗಂಡಸರು 44 ಆಗಿದ್ದರು.

ಮೈಸೂರಿಗೆ ಮರಳಿದ ಮೇಲೆ ನಾನು ಮತ್ತೆ ತಂಬೂರಿ ಹಿಡಿದಿದ್ದೇನೆ. ಈಗ ಬಹಳ ಕಚೇರಿಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ಸಾಕಾಗಿದೆ, ಕರೆಯುವವರು ಕಡಿಮೆ. ಮನೆಯ ಹತ್ತಿರದ ಇಬ್ಬರು ಹುಡುಗಿಯರು ಸಂಜೆ ಬರುತ್ತಾರೆ. ಹಾಡು ಕಲಿಯುವುದಕ್ಕೆ ಮುಂಚೆ ಅವರಿಗೆ ಜೀವಾಳಿ ಸರಿಸುವುದನ್ನು ಕಲಿಸುತ್ತಿದ್ದೇನೆ. ಸಭೆಗಳನ್ನು ನಡೆಸುವ ಹಿರಿಯರಲ್ಲಿ ನನ್ನದೊಂದು ಕೋರಿಕೆ: ಮುಂದಿನ ರಾಮನವಮಿಯ ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡುವಾಗ ಮೃದಂಗ, ಘಟ ಆದ ಮೇಲೆ ಇನ್ನೊಂದು ಸಾಲು ಸೇರಿಸಿ. ತಂಬೂರಿ ಎಂದು ಬರೆದು, ಮುಂದೆ ಅವರ ಹೆಸರು ಹಾಕಿ.